ಅಣ್ಣ ಮಾಡಿದ ಮುಖವಾಡಗಳು

ಮಗರಪಟ್ಟಾ, ಪುಣೆ
ರವಿವಾರ, ೯ ನವೆಂಬರ್ ೨೦೨೫

ಪ್ರೀತಿಯ ಬಿಂದುಮಾಧವಣ್ಣನಿಗೆ ಮಂಜರಿಯ ನಮಸ್ಕಾರ.

ಹೇಗಿದ್ದೀ? ನಾಲಿಗೆಗೆ ರುಚಿ ಮರಳಿತೇ? ಬಾಯಿ ತೆರೆಯುವ ವ್ಯಾಯಾಮ ದಿನಾ ಮಾಡುತ್ತೀಯೋ, ಅಥವಾ ಡಾಕ್ಟರ ಮುಂದೆ ಮಾತ್ರವೋ? ಅತ್ತಿಗೆಯಾದರೂ ಹೇಳಿಯಾರೆಂದು ಮುಕ್ತಾ ವೈನಿಯನ್ನು ಕೇಳಿದರೆ "ಆರಾಮ ಅದಾರವಾ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಾರೆ. ನಿನಗೇ ಫೋನು ಮಾಡಿದರೆ ನನ್ನ ಮಾತು ಮುಗಿಯುವ ಮೊದಲೇ ಅದನ್ನು ವೈನಿಯ ಕೈಗೆ ದಾಟಿಸುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ನಾವು ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಲಿಫ್ಟ್ ಕೆಟ್ಟ ದಿನವೇ ನೋಯುವ ರೂಢಿ ಮಾಡಿಕೊಂಡಿದೆ. ಇವರಿಗೆ ಮದುವೆಯ ಪತ್ರಿಕೆ ಹಂಚುವುದರಲ್ಲೇ ದಿನ ಹೋಗುತ್ತಿದೆ.

ನಿನ್ನ ಮೆಸೇಜು ಓದಿದೆ. "ಮದುವಿಗೆ ನಾ ಬರೂದುಲ್ಲ. ಶರ್ವರಿನ್ನ ಮಂಟಪಕ್ಕ ಕುಶಲ ಕರಕೊಂಡ ಬರ್ತಾನ." ಎರಡೇ ಸಾಲಿನಲ್ಲಿ ನನ್ನ ಮಗಳ ಸೋದರಮಾವನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಕೂತಿದ್ದೀ. ದವಡೆಯ ಆಪರೇಷನ್ ಆಗಿ ಹದಿನಾಲ್ಕು ತಿಂಗಳಾಯಿತು. ನಾನು ಆಸ್ಪತ್ರೆಗೆ ಬಂದಾಗ ನಿನ್ನ ಮುಖದ ತುಂಬ ಬ್ಯಾಂಡೇಜು ಇತ್ತು. ಯುಗಾದಿಗೆ ನಾನು ಧಾರವಾಡಕ್ಕೆ ಬಂದಾಗ ಎರಡು ದಿನವೂ ನೀನು ಆ ನೀಲಿ ಮಾಸ್ಕ್ ಹಾಕಿಕೊಂಡೇ ನನ್ನೆದುರು ಕೂತಿದ್ದೆ. ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಅದನ್ನು ತೆಗೆಯಬೇಕಾಗುತ್ತದೆ, ಹುಡುಗರು ಅಂಜುತ್ತಾರೆ ಎಂದು ನೀನು ಹೇಳುತ್ತೀಯಂತೆ. ಇದನ್ನು ಕೇಳಿ ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಮಾಳಮಡ್ಡಿಯ ಅರ್ಧ ಓಣಿಯನ್ನು ಅಂಜಿಸಿ ಬೆಳೆದ ಮನುಷ್ಯ ಈಗ ಬಂದು ಇಂಥ ಮಾತಾಡಿದರೆ ಯಾರು ನಂಬುತ್ತಾರೆ?

ಹೋಳಿಹುಣ್ಣಿಮೆಯ ಸೋಗಿಗೆಂದು ನೀನು ಮುಖವಾಡ ಮಾಡುತ್ತಿದ್ದದ್ದು ನೆನಪಿದೆಯೇ? ತಿಂಗಳ ಮೊದಲೇ ಅಪ್ಪನ ರದ್ದಿ ಪೇಪರು ಮಾಯವಾಗುತ್ತಿತ್ತು. ಬೋರಲು ಹಾಕಿದ ಗಡಿಗೆಯ ಮೇಲೆ ಮೈದಾ ಅಂಟಿನಿಂದ ಕಾಗದದ ಚೂರುಗಳನ್ನು ಮೆತ್ತಿ ಹಿತ್ತಲ ಬಿಸಿಲಿಗಿಡುತ್ತಿದ್ದೆ. ಒಣಗಿದ ಮೇಲೆ ಸುಣ್ಣ, ಬಚ್ಚಲ ಒಲೆಯ ಮಸಿ, ಅವ್ವ ಬೈಯುತ್ತ ಬೈಯುತ್ತಲೇ ಕೊಡುತ್ತಿದ್ದ ಕುಂಕುಮ. ನಿಜ ಹೇಳಬೇಕೆಂದರೆ, ಬಣ್ಣ ಹಚ್ಚಿದ ರಾಕ್ಷಸನಿಗಿಂತ ಬಣ್ಣ ಹಚ್ಚುವ ಮೊದಲಿನ ಮುಖವಾಡಕ್ಕೇ ನಾನು ಹೆಚ್ಚು ಅಂಜುತ್ತಿದ್ದೆ. ಕಣ್ಣಿನ ಎರಡು ತೂತು, ಹಣೆಯ ಮೇಲೆ ಪೇಪರಿನಲ್ಲಿ ಅಚ್ಚಾದ ಹತ್ತಿಯ ಧಾರಣೆ, ಗಲ್ಲದ ಮೇಲೆ ಯಾರದೋ ಶ್ರದ್ಧಾಂಜಲಿ. ಅದನ್ನು ನೀನು ಪಡಸಾಲೆಯ ಗೂಟಕ್ಕೆ ತೂಗುಹಾಕಿದರೆ ನಾನು ನೀರು ಕುಡಿಯಲಿಕ್ಕೂ ಹಿತ್ತಲ ಬಾಗಿಲಿನಿಂದ ಸುತ್ತಿ ಬರುತ್ತಿದ್ದೆ.

ನಿನಗೆ ಅಷ್ಟು ಸಾಲದೆ ಬೇರೆ ಕಡೆಯಿಂದಲೂ ಮುಖವಾಡಗಳನ್ನು ಮನೆಗೆ ಕರೆತಂದೆ. ಲೈನ್ ಬಜಾರಿನ ಬಾಡಿಗೆ ಪುಸ್ತಕದ ಅಂಗಡಿಯಿಂದ ಪತ್ತೇದಾರಿ ಕಾದಂಬರಿಗಳು ಬರುತ್ತಿದ್ದವು, ರಕ್ಷಾಪುಟದ ಮೇಲೆ ಕರಿ ಮುಖವಾಡ, ಕೈಯಲ್ಲಿ ಚೂರಿ. ಜೋರಾಗಿ ಓದುತ್ತ ಓದುತ್ತ ಸರಿಯಾಗಿ ಮುಖವಾಡ ಕಳಚುವ ಜಾಗಕ್ಕೆ ಬಂದು ಪುಸ್ತಕ ಮುಚ್ಚಿ ಕ್ರಿಕೆಟ್ಟಿಗೆ ಹೊರಟುಬಿಡುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ ನಾನೇ ತೆರೆದು ನೋಡಿದರೆ ಕೊನೆಯ ಹಾಳೆಯನ್ನು ಯಾರೋ ಹರಿದುಕೊಂಡು ಹೋಗಿದ್ದರು. ಆ ಖೂನಿ ಮಾಡಿದವನು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ನಿನ್ನ ಗೆಳೆಯನ ಆ ಕ್ಯಾಸೆಟ್ಟು ಬಂತು, ವಿದೇಶದ ಹಾಡುಗಾರರೆಲ್ಲ ಮುಖವಾಡ ಹಾಕಿಕೊಂಡು ನಿಂತ ಚಿತ್ರದ್ದು. ಅದರ ಕಿರುಚಾಟ ಕೇಳಿ ಅವ್ವ, "ಇವರೇನ ಹಾಡಾಕತ್ತಾರೋ, ಮೈಮ್ಯಾಲೆ ಬಂದsತೋ?" ಎಂದು ಒಲೆ ಬಿಟ್ಟು ಓಡಿಬಂದಿದ್ದಳು. ಪಕ್ಕದ ಮನೆಯ ವಿ.ಸಿ.ಆರ್.ನಲ್ಲಿ ಮಧ್ಯಾಹ್ನ ಕಿಟಕಿಗೆಲ್ಲ ಚಾದರ ಕಟ್ಟಿ ನೋಡಿದ ಆ ಬಿಳಿ ಮುಖವಾಡದ ಸಿನಿಮಾದಲ್ಲಿ ನಾನು ಕಂಡದ್ದು ನಿನ್ನ ಅಂಗಿಯ ತೋಳು ಮಾತ್ರ. ಸಿನಿಮಾ ಮುಗಿಯುವವರೆಗೂ ಅದರಲ್ಲೇ ಮುಖ ಮುಚ್ಚಿಕೊಂಡಿದ್ದೆ. ಆ ದಿನಗಳು ಎಷ್ಟು ಚೆನ್ನಾಗಿದ್ದವು ಅಣ್ಣಾ. ಅಂಜುವುದಕ್ಕೂ ಮನೆಯಲ್ಲಿ ಒಬ್ಬರು ಜೊತೆಗಿರುತ್ತಿದ್ದರು.

ಈಗ ಅಂಜಿಕೆಯ ಖಾತೆ ನನ್ನ ಮಗನದು. ಸಾತ್ವಿಕ ಕಾಲೇಜಿನಿಂದ ಬಂದವನೇ ಒಂದು ಗೇಮ್ ಆಡುತ್ತಾನೆ. ಖಾಲಿ ಆಸ್ಪತ್ರೆಯಲ್ಲಿ ಮುಖವಾಡದವನೊಬ್ಬ ಹುಡುಕಿಕೊಂಡು ಬರುತ್ತಾನೆ, ಅವನು ಹತ್ತಿರ ಬಂದಾಗ ಸಂಗೀತ ಗಪ್ಪನೆ ನಿಲ್ಲುತ್ತದೆ. ಮೊನ್ನೆ ಮೆಂತ್ಯ ಸೋಸುತ್ತ ಅವನ ಹಿಂದೆ ಕೂತವಳು, "ಅವನ ಖರೇ ಮುಖಾ ಹೆಂಗದನೋ?" ಎಂದು ಕೇಳಿದೆ. "ಮುಖಾ ಮಾಡೇ ಇಲ್ಲಮ್ಮಾ. ತೋರಿಸಿದ್ರ ಅಂಜಿಕಿ ಹೋಗಿಬಿಡ್ತದ," ಎಂದ. ನನಗೆ ನಮ್ಮ ಪಡಸಾಲೆ ನೆನಪಾಯಿತು. ನಾನು ಅತ್ತಾಗಲೆಲ್ಲ ನೀನು ಮುಖವಾಡವನ್ನು ಹಣೆಗೇರಿಸಿ, "ನಾ ಅದೀನಿ ಖೋಡಿ, ಅಳಬ್ಯಾಡ" ಎನ್ನುತ್ತಿದ್ದೆ. ಮೂಗಿನ ಮೇಲೆ ಬೆವರು, ಗಲ್ಲಕ್ಕೆ ಒಣಗಿದ ಮೈದಾ. ನನ್ನ ಅಂಜಿಕೆ ಹೋಗಲು ಅಷ್ಟು ಸಾಕಾಗುತ್ತಿತ್ತು.

ಈಗ ನನಗೆ ಅಂಜಿಕೆಯಾಗುವುದು ನೀನು ಹೀಗೇ ಒಳಗೆ ಸೇರಿಕೊಂಡುಬಿಡುತ್ತೀ ಎಂದು. ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿ ಸಾಲೆಯ ಹುಡುಗರಿಗೆ ಮುಖ ಬರೆಯಲು ಕಲಿಸಿದವನು, ತನ್ನದನ್ನು ಕನ್ನಡಿಗೂ ತೋರಿಸುವುದಿಲ್ಲವೆಂದರೆ ನನಗೆ ಸಹಿಸಲಾಗುವುದಿಲ್ಲ. ಕುಶಲ ಚಿಕ್ಕಪ್ಪನ ಮಗ, ಒಳ್ಳೆಯವನು, ಕರೆದರೆ ಬಂದೇ ಬರುತ್ತಾನೆ. ಆದರೆ ಶರ್ವರಿ ಹುಟ್ಟಿದಾಗ ಧಾರವಾಡದಿಂದ ತೊಟ್ಟಿಲನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದವನು ಅವನಲ್ಲ. ಅವಳ ಮಾತು ಕೇಳು: "ಮಾಮಾ ಬರದಿದ್ರ ಮಂಟಪಕ್ಕ ನಾ ಒಬ್ಬಾಕಿನs ನಡಕೊಂಡ ಹೋಗ್ತೀನಿ. ಬ್ಯಾರೆ ಯಾರೂ ನನ್ನ ಕೈ ಹಿಡಿಯೂದು ಬ್ಯಾಡ." ವಿಮಾನ ನಗರದ ಆಫೀಸಿನಲ್ಲಿ ಹತ್ತು ಜನರನ್ನು ಆಳುವವಳು, ಹೇಳಿದಂತೆ ಮಾಡುತ್ತಾಳೆ. ಬೀಗರಿಗೆ ನಾನು ಏನು ಹೇಳಲಿ? ಮದುವೆಯ ಮಂಗಲ ಕಾರ್ಯಾಲಯ ಸಾಸವಡದ ರಸ್ತೆಯಲ್ಲಿದೆ, ಡಿಸೆಂಬರ್ ನಾಲ್ಕು, ಗುರುವಾರ. ನೀವಿಬ್ಬರೂ ಎರಡು ದಿನ ಮೊದಲೇ ಬರಬೇಕು. ಮಾಸ್ಕ್ ಹಾಕಿಕೊಂಡು ಬಂದರೂ ಸರಿ, ಬಾ.

ವೈನಿಗೆ ನನ್ನ ನಮಸ್ಕಾರ, ನಿನಗೆ ಮಕ್ಕಳಿಬ್ಬರ ಸಾಷ್ಟಾಂಗ. ಔಷಧಿ ತಪ್ಪಿಸಬೇಡ. ರಾಯರು ನಿನ್ನನ್ನು ನೂರು ವರ್ಷ ಇಟ್ಟಿರಲಿ.

ನಿನ್ನ ತಂಗಿ
ಮಂಜರಿ

ತಾ.ಕ.: ಇವರು ಕಾಗದ ಹಾಕಿ ಬರಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಆದರೆ ಇದನ್ನು ಬರೆಯದೆ ಲಕೋಟೆ ಮುಚ್ಚಲಾರೆ. ದೀಪಾವಳಿ ಪಾಡ್ಯದ ದಿನ ವಿಡಿಯೊ ಕಾಲ್ ಮುಗಿದಾಗ, ಬಂದಾಯಿತೆಂದು ತಿಳಿದು ನೀನು ಫೋನನ್ನು ತಂಬಿಗೆಗೆ ಆನಿಸಿಟ್ಟೆ. ಬಂದಾಗಿರಲಿಲ್ಲ. ವೈನಿ ಗಂಜಿಯ ಬಟ್ಟಲಿಟ್ಟು ಹೋದರು, ನೀನು ಬಾಗಿಲು ಹಾಕಿ ಬಂದು ಮಾಸ್ಕ್ ತೆಗೆದೆ. ಕುಡಿಯುತ್ತ, ಒಂದು ಕಡೆಯಿಂದ ಸೋರಿದ್ದನ್ನು ಟವೆಲಿನಿಂದ ಒರೆಸಿಕೊಳ್ಳುತ್ತ ಇದ್ದೆ. ಸಾತ್ವಿಕ ನನ್ನ ಫೋನನ್ನು ಟಿ.ವಿ.ಗೆ ಜೋಡಿಸಿದ್ದರಿಂದ ನಾವು ನಾಲ್ವರೂ ನೋಡಿದೆವು. ಕಟ್ ಮಾಡಬೇಕಿತ್ತು, ಅಣ್ಣಾ, ತಪ್ಪಾಯಿತು. ಅಷ್ಟು ದಿನಗಳ ಮೇಲೆ ಕಂಡ ನಿನ್ನ ಮುಖವನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಯಾರೂ ಎದ್ದು ಹೋಗಲಿಲ್ಲ. ಕೊನೆಗೆ ಶರ್ವರಿ ಒಂದೇ ಮಾತು ಹೇಳಿದಳು: "ಅಮ್ಮಾ, ಮಾಮಾ ಒಬ್ಬನs ಉಣ್ಣಾಕತ್ತಾನಲ್ಲ." ಮರುದಿನವೇ ಕಾರ್ಯಾಲಯದ ಅಡುಗೆಯವರ ಹತ್ತಿರ ಹೋಗಿ, ಮದುವೆಯ ಊಟಕ್ಕೆ ತನ್ನ ಎಲೆಯ ಪಕ್ಕ ಮಾಮಾನ ಎಲೆ ಹಾಕಬೇಕು, ಇಬ್ಬರಿಗೂ ಗಂಜಿಯನ್ನೇ ಬಡಿಸಬೇಕು ಎಂದು ಹೇಳಿಬಂದಿದ್ದಾಳೆ.