ರಷ್ಯನ್ನಿನಲ್ಲಿ ಬಾರಲೇ

ಹಳಿಯಾಳ
೧೭ ಫೆಬ್ರವರಿ ೨೦೨೫

ಕುಬೇರಾ,

ಕ್ಷೇಮ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ, ಹೇಗಿದ್ದೀ? ಹನ್ನೊಂದು ದಿನವಾಯಿತು, ನೀನು ಫೋನ್ ಎತ್ತಿಲ್ಲ. ಪಕ್ಕದ ಮನೆಯ ಜ್ಯೋತಿಬಾ ಸೆಂಟ್ರಿಂಗ್ ಕೆಲಸಕ್ಕೆ ಗೋವಾಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಓದದೆ ಹರಿಯಬೇಡ. ನಾವು ಗಂಡ ಹೆಂಡತಿಯಾಗಿ ಉಳಿಯುತ್ತೇವೋ ಇಲ್ಲವೋ ಎಂಬುದು ಇದರ ಮೇಲಿದೆ.

ಆ ರಷ್ಯನ್ ಮಾತು ಯಾರು ಕಲಿಸಿದರು ಎಂದು ಆ ದಿನ ಕೇಳಿದೆಯಲ್ಲ, ಹೇಳುತ್ತೇನೆ. ದಾಂಡೇಲಿಯಲ್ಲಿ ನಾನು ದುಡಿಯುವ ರೆಸಾರ್ಟಿಗೆ ರಷ್ಯಾದ ಹೆಂಗಸೊಬ್ಬಳು ಬಂದಿದ್ದಳು, ಕಾಳಿ ಹೊಳೆಯಲ್ಲಿ ರಾಫ್ಟಿಂಗ್ ಮಾಡಲು. ನೀನು ಹೇಳಿಕೊಂಡಿದ್ದನ್ನೇ ನಂಬಿ, "ನನ್ನ ಗಂಡ ಗೋವಾದ ಬೀಚ್ ಹೋಟೆಲಿನಲ್ಲಿ ಮ್ಯಾನೇಜರ್, ನಿಮ್ಮ ರಷ್ಯಾದವರೆಲ್ಲ ಅವನನ್ನು ಅಣ್ಣಾ ಅಂತ ಹೆಗಲು ತಟ್ಟುತ್ತಾರೆ, ಅವನು ಬೆರಗಾಗುವಂಥ ನಾಲ್ಕು ಚೇಷ್ಟೆಯ ಮಾತು ಕಲಿಸು" ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದೆ. ನಕ್ಕು ಮೂರು ಕಲಿಸಿದಳು. 'ಇದಿ ಸ್ಯುದಾ' ಅಂದರೆ ಇಲ್ಲಿ ಬಾ. 'ಬೀಸ್ತ್ರಾ' ಅಂದರೆ ಬೇಗ. 'ಜಾಯ್ಚಿಕ್' ಅಂದರೆ ಮೊಲದ ಮರಿ. ಅಲ್ಲಿ ಹೆಂಡಂದಿರು ಗಂಡಂದಿರನ್ನು ಹಾಗೆ ಕರೆಯುತ್ತಾರಂತೆ. ನೆಲ ಒರೆಸುತ್ತಾ ನಾಲ್ಕು ದಿನ ಬಾಯಿಪಾಠ ಮಾಡಿದೆ. ಜತೆಗಿನ ಸಕ್ಕುಬಾಯಿ, "ಯಾಕವಾ, ಮೈಯಾಗ ದೇವರು ಬಂದೈತೇನ?" ಎಂದು ಕಾಡಿದಳು.

ನೀನು ರಜೆಗೆ ಬಂದೆ. ಮಧ್ಯಾಹ್ನ ಉಣ್ಣಲು ಕುಳಿತೆ. ನಾನು ಒಲೆಯ ಮುಂದಿನಿಂದಲೇ ಕೂಗಿದೆ: ಇದಿ ಸ್ಯುದಾ! ಬೀಸ್ತ್ರಾ!

ಮೊಲದ ಮರಿ ಅನ್ನುವಷ್ಟರಲ್ಲಿ ನೀನು ಎದ್ದು ನಿಂತಿದ್ದೆ. ರೊಟ್ಟಿ ನೆಲಕ್ಕೆ ಬಿದ್ದಿತ್ತು. ಎಂಜಲು ಕೈ ಪ್ಯಾಂಟಿಗೆ ಒರೆಸಿ, ತಲೆ ತಗ್ಗಿಸಿ, "ಸಿಚಾಸ್, ಸಿಚಾಸ್, ಸಾರಿ ಸರ್" ಅಂದೆ. ಈಗಲೇ ಬಂದೆ ಎಂದು ಅದರ ಅರ್ಥವಂತೆ, ಆಮೇಲೆ ತಿಳಿಯಿತು. ನಿನ್ನ ಅವ್ವ ಹೊಟ್ಟೆ ಹಿಡಿದು ನಕ್ಕಳು. "ಅಯ್ಯ ಇವನ! ಹೇಣ್ತಿ ಕರದ್ರ ಜೀತದಾಳಿನಂಗ ನಿಂತಾನ ನೋಡ! ಮ್ಯಾನೇಜರಂತ, ಮ್ಯಾನೇಜರ!" ನಾನೂ ನಕ್ಕೆ. ಯಾಕೆ ನಕ್ಕೆ ಎಂದು ಕೇಳಬೇಡ. "ಯಾರ ಕಲಿಸಿದ್ರ ನಿನಗ ಇದನ್ನ?" ಅಷ್ಟೇ ಕೇಳಿ, ನೀನು ಕೈ ಕೂಡ ತೊಳೆಯದೆ ಗೋವಾ ದಾರಿಯ ರಾಮನಗರದ ಬಸ್ಸು ಹತ್ತಿದೆ.

ಮಾತಿನದು ತಪ್ಪಿಲ್ಲ ಕುಬೇರಾ. ನಮ್ಮಲ್ಲೂ 'ಬಾರಲೇ' ಇದೆಯಲ್ಲ. ಅವ್ವ ಬಾರಲೇ ಅಂದರೆ ಬಿಸಿ ರೊಟ್ಟಿ. ಅದೇ ಮಾತು ಹೊಲದ ಧಣಿಯ ಬಾಯಲ್ಲಿ ಬಂದರೆ ನಿನ್ನ ಅಪ್ಪನ ಬೆನ್ನು ಬಾಗುತ್ತಿತ್ತು. ಆ ಬೆನ್ನು ನೋಡಲಾರದೆ ಗೋವಾಕ್ಕೆ ಓಡಿದವನು ನೀನು. ಅಲ್ಲಿ ಅದೇ ಬಾರಲೇ ಬೇರೆ ಭಾಷೆಯಲ್ಲಿ ನಿನಗಾಗಿ ಕಾದಿತ್ತು. ಯಾವ ಮಾತಿಗೆ ಮೈ ತಾನಾಗಿ ಎದ್ದು ನಿಲ್ಲುತ್ತದೋ ಆ ಮಾತಿನ ಹಿಂದೆ ಏಟಿರುತ್ತದೆ. ಯಾರು ಹೊಡೆದರು ನಿನ್ನನ್ನು? ಹೇಳು.

ನನಗೆ ಹೇಗೆ ಗೊತ್ತು ಅನ್ನುತ್ತೀಯಾ? ನಾನೂ ನಿನಗೆ ಸುಳ್ಳು ಹೇಳಿದ್ದೇನೆ. ನಿನಗೆ ಹೇಳಿದಂತೆ ಆ ರೆಸಾರ್ಟಿನಲ್ಲಿ ನಾನು ಅಡುಗೆಯವಳಲ್ಲ. ಮೊದಲ ದಿನವೇ ಜಾತಿ ಕೇಳಿದರು, ಆಮೇಲೆ ಒಲೆಯ ಹತ್ತಿರ ಬಿಡಲಿಲ್ಲ. ಕಕ್ಕಸು ತೊಳೆಯುತ್ತೇನೆ. ಸಾಹೇಬ ಚಿಟಿಕೆ ಹೊಡೆದರೆ ಬಕೆಟ್ ಹಿಡಿದು ಓಡುತ್ತೇನೆ. ಒಂದೇ ಮನೆಯಲ್ಲಿ ಇಬ್ಬರು ಚಾಕರಿಯವರು, ಒಬ್ಬರ ಮುಂದೊಬ್ಬರು ದೊಡ್ಡವರಾಗಿ ವೇಷ ಕಟ್ಟಿದೆವು. ಸಾಕು.

ಬಂದುಬಿಡು. ಇಲ್ಲವೇ ಬಾ ಅನ್ನು, ನಾನೇ ಬರುತ್ತೇನೆ, ನಿನ್ನ ಹೋಟೆಲಿನ ಮಾಲೀಕನ ಎದುರಿಗೆ ನಿಲ್ಲೋಣ. ಆದರೆ ನಾಚಿಕೆಯಿಂದ ದೂರ ಉಳಿಯಬೇಡ. ನಾಚಬೇಕಾದವರು ಹಾಗೆ ಕರೆದವರು, ಎದ್ದು ನಿಂತವರಲ್ಲ.

ಇನ್ನೂ ನಿನ್ನವಳೇ ಅಂದುಕೊಂಡಿರುವ,
ತುಳಜಾ

ತಾ. ಕ.: ನಿನ್ನನ್ನು ಬೆರಗಾಗಿಸಲು ಕಲಿತೆ ಎಂದು ಮೇಲೆ ಬರೆದದ್ದು ಅರ್ಧ ಸುಳ್ಳು. ನೀನು ಗೋವಾದಲ್ಲಿ ರಷ್ಯಾದ ಬಿಳಿ ಹೆಂಗಸನ್ನು ಇಟ್ಟುಕೊಂಡಿದ್ದೀ ಎಂದು ನಮ್ಮ ಓಣಿಯ ಮಾಲವ್ವ ನಲ್ಲಿಯ ಹತ್ತಿರ ಎಲ್ಲರೆದುರು ಆಡಿದ್ದಳು. ಆ ಬಿಳಿ ಹೆಂಗಸಿನ ಭಾಷೆಯಲ್ಲೇ ಕರೆದರೆ ನಿನ್ನ ಮುಖದಲ್ಲಿ ಕಳ್ಳ ಸಿಗುತ್ತಾನೆ ಎಂದುಕೊಂಡೆ. ಸಿಗಲಿಲ್ಲ. ಆ ಭಾಷೆಯಲ್ಲಿ ಪ್ರೀತಿಯ ಮಾತು ನಿನ್ನ ಕಿವಿಗೆ ಬಿದ್ದೇ ಇಲ್ಲ ಎಂದು ಆ ಗಳಿಗೆಯಲ್ಲೇ ತಿಳಿಯಿತು. ನೀನು ತಲೆ ತಗ್ಗಿಸಿ ಸಾರಿ ಕೇಳುತ್ತಿದ್ದಾಗ ನನಗೆ ಆದದ್ದು ಸಂತೋಷ, ಬೇರೆ ಹೆಂಗಸಿಲ್ಲವಲ್ಲ ಎಂದು. ಅದಕ್ಕೇ ನಕ್ಕೆ. ಇದನ್ನು ಕ್ಷಮಿಸುವುದಾದರೆ ಮಾತ್ರ ಬಾ.