ಒಂದು ಉದ್ದ ಮೇಜು ಮತ್ತು ತಮ್ಮ ಸಮುದಾಯ ಅಧ್ಯಯನ ಕೇಂದ್ರ

ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥರೇ,

ಮೊದಲು ಖರ್ಚಿನ ಬಾಬ್ತು ನೋಡಿಬಿಡೋಣ: ಸಂಶೋಧನಾ ವಿದ್ಯಾರ್ಥಿಗಳು ಕೂರುತ್ತಿದ್ದ ಕೋಣೆ, ಅದರೊಳಗಿನ ಉದ್ದ ಮೇಜು, ಪ್ರತಿ ಬುಧವಾರದ ಜಗಳ. ಇಷ್ಟನ್ನು ತೆತ್ತು ತಾವು ಪಡೆದದ್ದು ‘ವಿದ್ವತ್ ಸಮುದಾಯ ಅಧ್ಯಯನ ಕೇಂದ್ರ’. ಅಂದರೆ ಸಮುದಾಯವನ್ನು ಹೊರಗಟ್ಟಿ ಅದರ ಅಧ್ಯಯನವನ್ನು ಒಳಗೆ ಕರೆದಿದ್ದೀರಿ. ಹಸುವನ್ನು ಮಾರಿ ಹಾಲಿನ ಬಗ್ಗೆ ವಿಚಾರ ಸಂಕಿರಣ ನಡೆಸಿದ ಹಾಗಾಯಿತು.

ನಾನು ಹಳೆಯ ಮೇಜು ಕುರ್ಚಿ ಕೊಂಡು ಮಾರುವವನು. ಕಾಲೇಜಿನ ಮೆಟ್ಟಿಲು ಹತ್ತಿದ್ದು ಬೆಂಚು ಇಳಿಸಲು ಮಾತ್ರ. ತಾವು ಗುಜರಿಗೆ ಹಾಕಿದ ಆ ಮೇಜು ನನ್ನ ಅಂಗಡಿಗೇ ಬಂತು. ಅಂಚೆಲ್ಲ ಮೊಣಕೈ ತಾಗಿ ಸವೆದಿತ್ತು, ಮೈತುಂಬ ಚಹಾ ಲೋಟದ ಉಂಗುರಗಳು. ಪಾಲಿಶ್ ಹೊಡೆದರೆ ಎಷ್ಟಕ್ಕೆ ಹೋದೀತು ಎಂದು ಲೆಕ್ಕ ಹಾಕುತ್ತಿದ್ದೆ. ತಮ್ಮಲ್ಲೇ ಪಿಎಚ್.ಡಿ. ಮಾಡುತ್ತಿರುವ ನನ್ನ ಮಗಳು ಒಳಗೆ ಬಂದವಳು ಹಾಗೇ ನಿಂತುಬಿಟ್ಟಳು.

“ಅಪ್ಪಾ, ಇದು ನಮ್ಮ ಮೇಜು!”

“ನಿಮ್ದಾದ್ರೆ ನನ್ನ ಅಂಗಡೀಲಿ ಏನ್ ಮಾಡ್ತಿದೆ?”

“ಅದನ್ನ ನಮ್ಮ ಮುಖ್ಯಸ್ಥರನ್ನ ಕೇಳು.”

ಅದಕ್ಕೇ ಕೇಳುತ್ತಿದ್ದೇನೆ. ಬುಧವಾರ ಒಬ್ಬರು ತಮ್ಮ ಅಧ್ಯಾಯ ಓದುವುದು, ಉಳಿದವರು ಅದನ್ನು ಚಿಂದಿ ಮಾಡುವುದು, ಹೆಚ್ಚು ಹರಿದವರೇ ಓದಿದವರಿಗೆ ಚಹಾ ಕುಡಿಸುವುದು: ಇದು ಆ ಮೇಜಿನ ಪದ್ಧತಿ. ನನ್ನ ಮಗಳ ಎರಡನೇ ಅಧ್ಯಾಯ ಸತ್ತು ಮತ್ತೆ ಹುಟ್ಟಿದ್ದು ಅಲ್ಲೇ. ಈಗ ತಲೆಗೊಂದರಂತೆ ಹಲಗೆಯ ಗೂಡು ಕೊಟ್ಟಿದ್ದೀರಿ. ಮಗಳು ಮೂರನೇ ಅಧ್ಯಾಯವನ್ನು ಎಲ್ಲರಿಗೂ ಮೇಲ್ ಮಾಡಿದಳು. ಎಲ್ಲರದೂ ಒಂದೇ ಉತ್ತರ: “ಚೆನ್ನಾಗಿದೆ.”

“ಒಳ್ಳೇದೇ ಆಯ್ತಲ್ಲ ಮಗಳೇ?”

“ಯಾರೂ ಓದಿಲ್ಲ ಅಂತ ಅರ್ಥ ಅಪ್ಪಾ. ನಾನು ಬಿಟ್ಟುಬಿಡ್ತೀನಿ.”

ಸಂಶೋಧನೆ ಬಿಡುವ ಅರ್ಜಿಯನ್ನೂ ಬರೆದಿಟ್ಟಳು. ಅದೇ ವಾರ ತಮ್ಮ ಕೇಂದ್ರದಿಂದ ಪ್ರಶ್ನಾವಳಿ ಬಂತು: ‘ತಾವು ವಿದ್ವತ್ ಸಮುದಾಯದ ಭಾಗವೆಂದು ಅನಿಸುತ್ತದೆಯೇ? ಹೌದು, ಇಲ್ಲ, ಅನ್ವಯಿಸುವುದಿಲ್ಲ.’ ಮನೆಗೆ ಬೀಗ ಜಡಿದು, ಬೀದಿಯಲ್ಲಿ ನಿಂತವರನ್ನು ‘ಒಳಗೆ ಸುಖವೇ?’ ಎಂದು ಕೇಳುವುದು ಯಾವ ಶಾಸ್ತ್ರ ಸ್ವಾಮೀ? ಅದೇ ಕೋಣೆಯಲ್ಲಿ ತೆರೆದ ಕೇಂದ್ರವನ್ನೂ ಕಿಟಕಿಯಿಂದ ನೋಡಿ ಬಂದೆ. ಸೋಫಾಕ್ಕೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ. ಕೂತವರಿದ್ದರೆ ತಾನೇ ಬಿಚ್ಚುವುದು!

ಮೇಜಿಗೆ ನಾನು ಪಾಲಿಶ್ ಹೊಡೆದಿಲ್ಲ. ಬರುವ ಬುಧವಾರ ನನ್ನ ಗಾಡಿಯಲ್ಲೇ ತರುತ್ತೇನೆ, ಕೋಣೆ ತೆರೆಸಿಡಿ. ತೆರೆಯದಿದ್ದರೆ ಬಾಗಿಲ ಮುಂದೆಯೇ ಇಳಿಸುತ್ತೇನೆ. ಮಗಳು ಅಲ್ಲೇ ಅಧ್ಯಾಯ ಓದುತ್ತಾಳಂತೆ. ಅಲ್ಲಿಯವರೆಗೆ ಮಾತ್ರ ಅರ್ಜಿಯನ್ನು ತಡೆಹಿಡಿದಿದ್ದಾಳೆ. ತಾವೂ ಬಂದು ಅದನ್ನು ಹರಿಯಿರಿ, ಚಹಾದ ಖರ್ಚು ತಮ್ಮದು.

ಇದುವರೆಗಿನ ಲಾಭ ಇಷ್ಟು: ತಮಗೊಂದು ನಾಮಫಲಕ, ಕೇಂದ್ರಕ್ಕೊಂದು ಸೋಫಾ, ನನಗೊಂದು ಮೇಜು. ಮಗಳಿಗೆ ಒಂದಷ್ಟು ‘ಚೆನ್ನಾಗಿದೆ’.

ಇಂತಿ,
ಗಿರಾಕಿ ಬಂದರೂ ಆ ಮೇಜು ಮಾರಲಾಗದ ವ್ಯಾಪಾರಿ