ಹಸಿರು ದೀಪದ ಮುಂದೆ ತುಳಜವ್ವ

ಗದಗ, ಕ್ರಿ.ಶ. ೨೨೮೪, ಫೆಬ್ರವರಿ ಮೂವತ್ತು

ಎರಡೂವರೆ ಶತಮಾನದ ಆಚೆ ಕುಳಿತ ಮಹಾಜನಗಳೇ! ಫೆಬ್ರವರಿಗೆ ಮೂವತ್ತು ದಿನ ಬಂದದ್ದು ನಮ್ಮ ಕಾಲದ ಏರ್ಪಾಡು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಅಡಿವೆಪ್ಪ, ನಾಟಕ ಕಂಪನಿಯ ಪ್ರಾಂಪ್ಟರ್. ನಟರು ಮರೆತ ಮಾತನ್ನು ಪರದೆಯ ಮರೆಯಿಂದ ಪಿಸುಗುಟ್ಟುವವನು.

ನಿಮ್ಮ ಕಾಲದ ಮನಶ್ಶಾಸ್ತ್ರಜ್ಞರು ಒಂದು ಸಿದ್ಧಾಂತ ಬರೆದಿಟ್ಟರು: ನಾನು ಎಲ್ಲರಿಗೂ ಹೊರೆ ಎಂಬ ಭಾವ, ನನ್ನವರು ಯಾರೂ ಇಲ್ಲ ಎಂಬ ಭಾವ, ಸಾವಿನ ಭಯವೇ ಅಳಿದ ಸ್ಥಿತಿ, ಈ ಮೂರು ಕೂಡಿದಲ್ಲಿ ಜೀವಕ್ಕೆ ಅಪಾಯ. ಮನುಷ್ಯ ಮನುಷ್ಯನನ್ನು ವಿಚಾರಿಸಲೆಂದು ಬರೆದದ್ದು. ನಾವೇನು ಮಾಡಿದೆವು ಗೊತ್ತೇ? ಥೂ! ಅದನ್ನು ಯಂತ್ರಕ್ಕೆ ತುಂಬಿ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆವು! ಹೆಸರು ‘ಮನದೀಪ’. ಕೆಲಸಕ್ಕೆ ಹೋಗುವ ಪ್ರತಿಯೊಬ್ಬನೂ ಅದರೆದುರು ಒಂಬತ್ತು ಪ್ರಶ್ನೆಗೆ ಉತ್ತರಿಸಬೇಕು. ಹಸಿರು ಹತ್ತಿದರೆ ಒಳಕ್ಕೆ. ಕೆಂಪು ಹತ್ತಿದರೆ ‘ಶಾಂತಿಗೃಹ’ಕ್ಕೆ, ಅಂದರೆ ಮೂವತ್ತು ದಿನ ಬೀಗ ಜಡಿದ ಕೋಣೆಗೆ, ಅಲ್ಲಿ ಗಂಜಿ ಬಡಿಸುವುದೂ ಯಂತ್ರವೇ. ಹೀಗಾಗಿ ಊರಿಗೆ ಊರೇ ಉತ್ತರ ಬಾಯಿಪಾಠ ಮಾಡಿ, ದೀಪದೆದುರು ಹಲ್ಲು ಕಿರಿಯುತ್ತದೆ.

ತುಳಜವ್ವ ನಮ್ಮ ನಾಯಕಿ. ಅವಳು ಗರ್ಜಿಸಿದರೆ ಕೊನೆಯ ಸಾಲಿನ ಬೆಂಚು ನಡುಗುತ್ತಿತ್ತು. ಮಗಳು ತೀರಿಕೊಂಡ ಮೇಲೆ ದನಿ ಕುಗ್ಗಿತು. ಮೊನ್ನೆ ಮಧ್ಯಾಹ್ನದ ಆಟಕ್ಕೆ ಮುಂಚೆ, ‘ನೀನು ಯಾರಿಗಾದರೂ ಹೊರೆಯೇ?’ ಎಂದು ದೀಪ ಕೇಳಿದಾಗ ತಡವರಿಸಿದಳು. ಅವಳನ್ನು ಬೀಗದ ಕೋಣೆಗೆ ಒಯ್ದಾರೆಂದು ಹೆದರಿ, ಮಹಾಪಾಪಿ ನಾನು, ವಾಡಿಕೆಯಂತೆ ಮರೆಯಿಂದ ಪಿಸುಗುಟ್ಟಿದೆ: “ಇಲ್ಲ. ಎಲ್ಲರೂ ನನ್ನವರು.” ಅವಳು ಒಪ್ಪಿಸಿದಳು. ಹಸಿರು! ಎಲ್ಲರೂ ಚಪ್ಪಾಳೆ ತಟ್ಟಿದೆವು.

ಆಟ ಮುಗಿಯಿತು. ತನ್ನ ಬಣ್ಣದ ಪೆಟ್ಟಿಗೆಯನ್ನು ಖಳನ ಪಾತ್ರದ ಬಸಲಿಂಗನ ಕೈಗಿಟ್ಟಳು. “ತಗೋ, ನನಗಿನ್ನ ಬ್ಯಾಡ.”

“ಮೊದಲ ಕೊಟ್ಟಿದ್ರ ನನ್ನ ಮೀಸಿ ಇದ್ದಲಿಲೆ ಬರಿಯೂದು ತಪ್ಪತಿತ್ತಲ್ಲಬೇ!” ಎಂದ ಅವನು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾಳೆ ಬಣ್ಣ ಹಚ್ಚುವವಳು ಪೆಟ್ಟಿಗೆ ಬಿಟ್ಟುಕೊಡುವುದಿಲ್ಲ.

ಹೋಗಿ ಅವಳ ಪಕ್ಕದಲ್ಲಿ ಕುಳಿತೆ. “ಯಕ್ಕಾ, ಸಾಯಬೇಕು ಅನಸ್ತೈತೇನು?”

“ಉತ್ತರಾ ಹೇಳಿಕೊಟ್ಟಾವ ನೀನ. ಈಗ ಪ್ರಶ್ನಿ ಕೇಳಾಕ ಬಂದಿಯೇನೋ ಭಾಡ್ಯಾ?”

ಹೀಗೆಂದು ಗೊಳೋ ಎಂದು ಅತ್ತಳು. ಆಮೇಲೆ ಸಂಜೆಯವರೆಗೆ ಮಾತಾಡಿದಳು. ನಡುನಡುವೆ ತಡವರಿಸಿದಳು. ನಲವತ್ತು ವರ್ಷ ಇನ್ನೊಬ್ಬರ ಬಾಯಿಗೆ ಮಾತು ತುಂಬಿದ ನಾನು ಒಂದಕ್ಷರವನ್ನೂ ಕೊಡದೆ ಕಾದೆ.

ಈಗ ಅವಳನ್ನು ನಾವು ಒಂಟಿಯಾಗಿ ಬಿಡುವುದಿಲ್ಲ. ಯಂತ್ರವಲ್ಲದ, ಮನುಷ್ಯಳಾದ ಒಬ್ಬ ವೈದ್ಯೆಯನ್ನೂ ಹುಡುಕಿದ್ದೇವೆ. ಇಂದು ಬೆಳಿಗ್ಗೆ ಪೆಟ್ಟಿಗೆ ವಾಪಸು ಕೇಳಿ, ಕಾಡಿಗೆ ಖಾಲಿ ಮಾಡಿದ್ದಕ್ಕೆ ಬಸಲಿಂಗನಿಗೆ ಬೈದಳು.

ಮಹಾಜನಗಳೇ, ನಿಮ್ಮ ಗೋಡೆಗೆ ಇನ್ನೂ ಮೊಳೆ ಬಿದ್ದಿಲ್ಲ. ಸಂಶಯ ಬಂದರೆ ನೇರವಾಗಿ ಕೇಳಿ. ಕೇಳಿದ ಮೇಲೆ, ನಿಮಗೆ ಕೈ ಮುಗಿಯುತ್ತೇನೆ, ಉತ್ತರವನ್ನು ನೀವೇ ಹೇಳಿಕೊಡಬೇಡಿ.